ಕಿತ್ತಳೆ ಸಿಪ್ಪೆಯ ಡ್ರಮ್ಮು ಮತ್ತು ಎರಡು ಕಿಲೋ ಕಾಫಿ

ಭೂಮಿಯನ್ನು ಉಳಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ನಾನು ಹತ್ತು ವರ್ಷ ಮೊದಲೇ ಉಳಿಸಿಬಿಡುತ್ತಿದ್ದೆ!

ಜನವರಿಯ ಒಂದು ಶನಿವಾರ ಇದೇ ಉತ್ಸಾಹದಲ್ಲಿ ನಾನು ಮನೆಗೆ ಬಂದೆ. ಕೈಯಲ್ಲೊಂದು ಹಸಿರು ಕರಪತ್ರವಿತ್ತು. ನಾನು ಕೆಲಸ ಮಾಡುವ ಎಸ್ಟೇಟಿಗೆ ಯಾರೋ ಇಬ್ಬರು ಬಂದು, ಮನೆಯ ದಿನನಿತ್ಯದ ಕೆಲಸಗಳಲ್ಲೇ ಪರಿಸರವನ್ನು ಕಾಪಾಡುವುದು ಹೇಗೆ, ಅದೂ ದುಡ್ಡು ಬಿಚ್ಚದೆ, ಎಂದು ಅರ್ಧ ದಿನ ಪಾಠ ಮಾಡಿ ಹೋಗಿದ್ದರು. 'ಪರಿಸರ' ಎಂದಾಗ ನಾನು ತಲೆದೂಗಿದೆ. 'ದುಡ್ಡು ಬಿಚ್ಚದೆ' ಎಂದಾಗ ಪೆನ್ನು ತೆಗೆದೆ.

ನಾನು ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಗೋಡೌನಿನ ಬೀಗದ ಕೈ ಇಟ್ಟುಕೊಳ್ಳುವುದು, ಗೋಡೆಗೆ ಅಂಟಿಸುವ ಸೂಚನೆಗಳನ್ನು ಬರೆಯುವುದು, ಇವಿಷ್ಟು ನನ್ನ ಕೆಲಸ. ಹದಿನಾಲ್ಕು ವರ್ಷ ಸೂಚನೆ ಬರೆದು ಬರೆದು ಅದೊಂದು ಚಟವಾಗಿಬಿಟ್ಟಿದೆ. 'ಬಾಗಿಲು ಹಾಕಿ' ಎಂದು ಬರೆಯಲು ನನಗೆ ಬರುವುದಿಲ್ಲ. 'ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ' ಎಂದು ಶುರುವಾದರೇ ಕೈ ಓಡುವುದು. ಎಸ್ಟೇಟಿನ ಗೋಡೌನಿನ ಬಾಗಿಲ ಮೇಲಿರುವ ಸೂಚನೆಯೂ ನನ್ನದೇ. ಅದರಲ್ಲೇನಿದೆ ಎಂದು ಆಮೇಲೆ ಹೇಳುತ್ತೇನೆ. ಹೇಳುವಾಗ ನನಗೆ ಸ್ವಲ್ಪ ಕಷ್ಟವಾಗುತ್ತದೆ.

ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ಫ್ರಿಜ್ಜಿನ ಮೇಲೆ ಸುತ್ತೋಲೆ ಅಂಟಿಸಿದೆ.

'ಈ ಮೂಲಕ ಮನೆಮಂದಿಗೆಲ್ಲ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಅಂಗಡಿಯ ಸೋಪಿನ ಪುಡಿ ಹಾಗೂ ನೆಲ ಒರೆಸುವ ಲಿಕ್ವಿಡ್ ಬಂದ್. ಪ್ಲಾಸ್ಟಿಕ್ ಚೀಲಗಳನ್ನು ಕಂಡಲ್ಲಿ ವಶಪಡಿಸಿಕೊಳ್ಳಲಾಗುವುದು. ಬಚ್ಚಲ ಒಲೆಯಲ್ಲಿ ಸೌದೆ ಉರಿಸತಕ್ಕದ್ದಲ್ಲ. ಸಿಪ್ಪೆ, ಹೊಟ್ಟು, ಏನನ್ನೂ ಎಸೆಯುವಂತಿಲ್ಲ. ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು.' ಕೆಳಗೆ ನನ್ನ ಸಹಿ.

ಮನೆಮಂದಿಯೆಂದರೆ ಇಬ್ಬರೇ. ನಮ್ಮ ಮನೆಯವರು ಪೂರ್ಣೇಶ, ಮತ್ತು ಅವರ ತಾಯಿ, ಅಂದರೆ ನನ್ನ ಅತ್ತೆ. ಅತ್ತೆ ಕನ್ನಡಕ ಹಾಕಿಕೊಂಡು ಸುತ್ತೋಲೆಯನ್ನು ಎರಡು ಸಲ ಓದಿದರು.

"ಕ್ರಮ ಅಂದ್ರೆ ಎಂತ ಮಾಡ್ತೀಯ?"

"ಅದು ಸುಮ್ನೆ ಬರೆಯೋದು ಅತ್ತೆ."

"ಇದ್ರಲ್ಲಿರೋದೆಲ್ಲ ನಾವು ಮೊದ್ಲು ಮಾಡ್ತಿದ್ದದ್ದೇ ಅಲ್ವನೇ? ಅಂಟುವಾಳ, ಬೂದಿ, ಬಟ್ಟೆ ಚೀಲ..."

"ಅದು ಬಡತನ ಅತ್ತೆ. ಇದು ಪರಿಸರ!"

ಎಷ್ಟು ಸೊಗಸಾಗಿ ಹೇಳಿದೆ ಎಂದು ನನಗೇ ಖುಷಿಯಾಯಿತು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಪೂರ್ಣೇಶ ಸುತ್ತೋಲೆಯತ್ತ ನೋಡಿ ನಕ್ಕರು. "ಎಂತ ಬೇಕಾದ್ರೂ ಮಾಡು ಮಾರಾಯ್ತಿ. ಹಿಂದಿನ ಕೋಣೆಗೆ ಮಾತ್ರ ಕೈ ಹಾಕ್ಬೇಡ."

ಹಿಂದಿನ ಕೋಣೆಯಲ್ಲಿ ಏನಿತ್ತೆಂದರೆ, ಎರಡು ಕಿಲೋ ಕಾಫಿ ಬೀಜ. ಎರಡೇ ಕಿಲೋ! ಆದರೆ ಆ ಎರಡು ಕಿಲೋ ಬೇರೆಯೇ. ನಮ್ಮ ಮನೆಯ ಹಿಂದೆ ಒಂದೂವರೆ ಎಕರೆ ಕಾಫಿ ತೋಟವಿದೆ, ಮಾವ ಗಿಡ ನೆಟ್ಟದ್ದು. ಪ್ರತಿವರ್ಷ ನಮ್ಮ ಕಾಫಿ ವ್ಯಾಪಾರಿಯ ಅಂಗಳಕ್ಕೆ ಹೋಗಿ ನೂರಾರು ಮಂದಿಯ ಕಾಫಿಯ ರಾಶಿಯೊಳಗೆ ಬಿದ್ದು ಮಾಯವಾಗುತ್ತದೆ. ಈ ವರ್ಷ ಮೂಡಿಗೆರೆಯಲ್ಲಿ ಬೆಳೆಗಾರರೆಲ್ಲ ಸೇರಿ ಸಣ್ಣ ತೋಟದವರ ಕಾಫಿಯನ್ನು ಒಂದೊಂದಾಗಿ ರುಚಿ ನೋಡಿ ಹೇಳುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಚೀಲದ ಮೇಲೆ ಬೆಳೆದವನ ಹೆಸರು ಇರುತ್ತದೆ ಎಂದು ಕೇಳಿದ ದಿನದಿಂದ ಪೂರ್ಣೇಶ ಮನುಷ್ಯರ ಹಾಗೆ ಇರಲಿಲ್ಲ. ಕೆಂಪಗೆ ಹಣ್ಣಾದದ್ದನ್ನೇ ಒಂದೊಂದಾಗಿ ಆರಿಸಿ ಕೊಯ್ದರು. ಬಲೆಯ ಮಂಚದ ಮೇಲೆ ಒಣಹಾಕಿ ಗಂಟೆಗೊಮ್ಮೆ ಕೈಯಾಡಿಸಿದರು. ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ. ನನ್ನನ್ನು ಒಮ್ಮೆಯೂ ಅಷ್ಟು ಜೋಪಾನವಾಗಿ ನೋಡಿಕೊಂಡಿಲ್ಲ.

"ಅಪ್ಪ ನಲ್ವತ್ತು ವರ್ಷ ಕಾಫಿ ಬೆಳೆದ್ರು," ಎಂದಿದ್ದರು ಒಂದು ಸಂಜೆ. "ಅವ್ರ ಕಾಫಿ ಕುಡಿದು ಇದು ನಿಂದಾ, ಚೆನ್ನಾಗಿದೆ ಅಂತ ಒಬ್ರೂ ಹೇಳ್ಲಿಲ್ಲ. ಹೇಳೋದು ಹೆಂಗೆ? ಯಾರ್ದು ಅಂತ ಯಾರಿಗೂ ಗೊತ್ತೇ ಆಗಲ್ವಲ್ಲ."

ಆ ಮಾತು ಕೇಳಿದ್ದೇ, ಈ ಎರಡು ಕಿಲೋಗೆ ಏನೂ ಆಗದಂತೆ ನೋಡಿಕೊಳ್ಳಬೇಕು ಎಂದು ನಾನೂ ಮನಸ್ಸಿನಲ್ಲೇ ಪಣ ತೊಟ್ಟೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಓದುವಾಗ ನಿಮಗೆ ಅನುಮಾನ ಬರಬಹುದು.

ಮೊದಲ ಕಾರ್ಯಾಚರಣೆ ಅಂಟುವಾಳದ್ದು. ಎಸ್ಟೇಟಿನಲ್ಲಿ ಆಳುಗಳು ಇರುವ ಲೈನಿನ ಹಿಂದೆ ದೊಡ್ಡದೊಂದು ಅಂಟುವಾಳದ ಮರವಿದೆ. ಬಿಟ್ಟಿ ಸೋಪು! ಒಂದು ಚೀಲ ಕಾಯಿ ಹೆಕ್ಕಿ ತಂದು, ಎರಡು ಹಿಡಿ ತೆಗೆದು ಸೀದಾ ವಾಷಿಂಗ್ ಮೆಷಿನ್ನಿಗೆ ಸುರಿದೆ. ಗುಂಡಿ ಒತ್ತಿದೆ. ಮೆಷಿನ್ನು ಕಲ್ಲು ಅಗಿಯುವ ಸದ್ದು ಮಾಡಿತು. ಹೊಸ ಪದ್ಧತಿಗೆ ಹೊಂದಿಕೊಳ್ಳುತ್ತಿದೆ ಎಂದುಕೊಂಡೆ. ಆಮೇಲೆ ಹೊಂದಿಕೊಳ್ಳುವುದನ್ನೇ ನಿಲ್ಲಿಸಿತು.

ನಮ್ಮ ಪಕ್ಕದಲ್ಲೇ ಹಮೀದನ ಗ್ಯಾರೇಜು. ಬೈಕು, ಸ್ಕೂಟರು ರಿಪೇರಿ ಮಾಡುವವನು, ಆದರೆ ಕರೆದರೆ ಮಿಕ್ಸಿಗೂ ಬರುತ್ತಾನೆ. ಸ್ಪಾನರ್ ಹಿಡಿದು ಬಂದು ಮೆಷಿನ್ನಿನ ಹೊಟ್ಟೆ ಬಿಚ್ಚಿ ಹನ್ನೊಂದು ಅಂಟುವಾಳದ ಬೀಜ ಹೊರತೆಗೆದ. ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟ.

"ಸವಿತಕ್ಕ, ಇಪ್ಪತ್ತು ವರ್ಷದ ಸರ್ವೀಸಲ್ಲಿ ನಾನು ಇಂಥದ್ದು ನೋಡಿಲ್ಲ. ಇದು ಒಳಗೆ ಹೋಗಿದ್ದು ಹೆಂಗೆ?"

"ಪರಿಸರ ಹಮೀದಣ್ಣ," ಎಂದೆ.

"ಹೌದಾ? ಪರಿಸರ ಇಷ್ಟು ಗಟ್ಟಿ ಇರ್ತದಾ!"

ಪೂರ್ಣೇಶರ ಒಂದೇ ಒಂದು ಒಳ್ಳೆಯ ಬಿಳಿ ಅಂಗಿ ಅದರೊಳಗಿತ್ತು. ಈಗ ಅದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಅಂಗಿಯನ್ನು ಎತ್ತಿ ನೋಡಿ ಹೇಳಿದರು, "ಬೀಜ ತೆಗ್ದು, ಸಿಪ್ಪೆ ಮಾತ್ರ ನೆನ್ಸಿ, ಕಿವುಚಿ, ಸೋಸಿ ಹಾಕ್ಬೇಕು."

"ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಕರಪತ್ರದಲ್ಲಿ 'ಹಿರಿಯರನ್ನು ಕೇಳಿ' ಎಂದು ಎಲ್ಲೂ ಇರಲಿಲ್ಲ.

ಎರಡನೆಯದು ಬಚ್ಚಲ ಒಲೆ. ಸೌದೆಯ ಬದಲು ಕಾಫಿ ಹೊಟ್ಟು ಉರಿಸಿದರೆ ಮರವೂ ಉಳಿಯಿತು, ಹೊಟ್ಟಿಗೂ ಸದ್ಗತಿ. ಎಸ್ಟೇಟಿನಿಂದ ಎರಡು ಮೂಟೆ ಕೇಳಿ ತಂದೆ. ಒಣಗಿದೆಯೋ ಇಲ್ಲವೋ ಎಂದು ನೋಡುವಷ್ಟು ವ್ಯವಧಾನ ಕ್ರಾಂತಿಕಾರಿಗಳಿಗೆ ಎಲ್ಲಿರುತ್ತದೆ? ಒಲೆಯ ಬಾಯಿ ತುಂಬ ತುರುಕಿ ಬೆಂಕಿ ಕೊಟ್ಟೆ. ಬೆಂಕಿ ಹತ್ತಲಿಲ್ಲ. ಹೊಗೆ ಹತ್ತಿತು! ಬಚ್ಚಲು ತುಂಬಿತು, ಅಡುಗೆ ಮನೆ ತುಂಬಿತು, ಕಿಟಕಿಯಿಂದ ಹೊರಟು ಮನೆ ಮುಂದಿನ ಹೈವೇ ದಾಟಿತು. ಚಾರ್ಮಾಡಿ ಘಾಟಿ ಕಡೆಯಿಂದ ಬಂದ ಬಸ್ಸೊಂದು ಮಂಜು ಎಂದುಕೊಂಡು ಲೈಟು ಹಾಕಿಕೊಂಡು ಹೋಯಿತು. ಹಮೀದ ಎರಡು ಬಕೆಟ್ ನೀರು ಹಿಡಿದು ಓಡಿಬಂದ. ನಾನು ಕೆಮ್ಮುತ್ತಾ 'ಏನೂ ಆಗಿಲ್ಲ' ಎಂದು ಕೈಸನ್ನೆ ಮಾಡಿದೆ. ಅವನು ಅದನ್ನು 'ಬೇಗ ಹೊಯ್ಯಿ' ಎಂದು ತಿಳಿದುಕೊಂಡ. ಅವತ್ತು ನನ್ನ ಸ್ನಾನ ಬಟ್ಟೆ ಸಮೇತ ಅಲ್ಲೇ ಮುಗಿಯಿತು. ನೀರಿನ ಉಳಿತಾಯ ಎಂದು ಸಮಾಧಾನ ಮಾಡಿಕೊಂಡೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ನಾನು ಅವರ ಮುಖ ನೋಡಲಿಲ್ಲ.

ಇವೆಲ್ಲ ಚಿಲ್ಲರೆ ಸೋಲುಗಳು. ನನ್ನ ನಿಜವಾದ ಭರವಸೆ ಇದ್ದದ್ದು ಕಿತ್ತಳೆ ಸಿಪ್ಪೆಯ ಮೇಲೆ. ಸಿಪ್ಪೆ, ಬೆಲ್ಲ, ನೀರು, ಮೂರನ್ನೂ ಒಂದು ಡ್ರಮ್ಮಿಗೆ ಹಾಕಿ ಮುಚ್ಚಿಟ್ಟರೆ ಕೆಲವು ತಿಂಗಳಲ್ಲಿ ನೆಲ ಒರೆಸುವ ದಿವ್ಯ ದ್ರವ ತಯಾರಾಗುತ್ತದಂತೆ. ಕಾಫಿ ತೋಟದೊಳಗೇ ಕಿತ್ತಳೆ ಬಿಡುವ ಕಾಲ. ಲೈನಿನ ಹೆಂಗಸರೆಲ್ಲ ನನಗಾಗಿ ಸಿಪ್ಪೆ ಕೂಡಿಟ್ಟರು. ಕರಪತ್ರದಲ್ಲಿ ಒಂದು ಎಚ್ಚರಿಕೆಯಿತ್ತು: ಒಳಗೆ ಗ್ಯಾಸ್ ಹುಟ್ಟುವುದರಿಂದ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು. ಮೊದಲ ಎರಡು ವಾರ ಆಳುಗಳ ಹಾಜರಿಯಷ್ಟೇ ನಿಷ್ಠೆಯಿಂದ ಸಡಿಲಿಸಿದೆ. ಡ್ರಮ್ಮು ದಿನಾ 'ಉಸ್ಸ್' ಎಂದು ನಿಟ್ಟುಸಿರು ಬಿಡುತ್ತಿತ್ತು. ಆಮೇಲೆ ಎಸ್ಟೇಟಿನಲ್ಲಿ ಕಾಳುಮೆಣಸಿನ ಕೊಯ್ಲು ಶುರುವಾಯಿತು. ಸಿಪ್ಪೆ ಬಂದಾಗೆಲ್ಲ ಇನ್ನಷ್ಟು ಬೆಲ್ಲದೊಂದಿಗೆ ಸುರಿದು ಬಿಗಿಯಾಗಿ ಮುಚ್ಚುವುದು ನೆನಪಿರುತ್ತಿತ್ತು. ಸಡಿಲಿಸುವುದು ಮರೆಯುತ್ತಿತ್ತು.

"ಈ ನಾತ ನನ್ನ ಅಡುಗೆ ಮನೇಲಿ ಬೇಡ," ಎಂದು ಅತ್ತೆ ಡ್ರಮ್ಮಿಗೆ ನೋಟೀಸು ಕೊಟ್ಟರು. ಜಗಲಿಯಲ್ಲಿ ಚಳಿ. ಕರಪತ್ರದ ಪ್ರಕಾರ ಡ್ರಮ್ಮಿಗೆ ಬೆಚ್ಚಗಿನ, ಕತ್ತಲೆಯ ಜಾಗ ಬೇಕು. ಮನೆಯಲ್ಲಿ ಅಂಥದ್ದು ಒಂದೇ ಕೋಣೆ ಇತ್ತು, ಹಿಂದಿನ ಕೋಣೆ. ಅಲ್ಲಿಗೆ ಕೈ ಹಾಕಬೇಡ ಎಂದಿದ್ದರು. ನಾನು ಕೈ ಹಾಕಲಿಲ್ಲ. ಡ್ರಮ್ಮು ಮಾತ್ರ ಇಟ್ಟೆ!

ಮೇಲೊಂದು ಗೋಣಿಚೀಲ ಹೊದಿಸಿದೆ. ಪೂರ್ಣೇಶರಿಗೂ ನಮ್ಮ ಮೆಣಸಿನ ಬಳ್ಳಿಗಳ ಮೇಲೆ ಏಣಿ ಹತ್ತಿ ಇಳಿಯುವುದೇ ಆಗಿತ್ತು. ಮೆಣಸಿನ ಧೂಳಿಗೆ ಮೂಗು ಕಟ್ಟಿ, ಅಡುಗೆ ಮನೆಯಲ್ಲಿ ಸಾರು ಸೀದರೂ ಗೊತ್ತಾಗದ ಸ್ಥಿತಿಯಲ್ಲಿದ್ದರು.

ಡ್ರಮ್ಮು ಇಡಲು ಹೋದಾಗಲೇ ನನ್ನ ಹದ್ದಿನ ಕಣ್ಣಿಗೆ ಬಿದ್ದದ್ದು, ಪ್ಲಾಸ್ಟಿಕ್! ಆ ಎರಡು ಕಿಲೋ ಕಾಫಿಯನ್ನು ಪೂರ್ಣೇಶ ದಪ್ಪನೆಯ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಗಾಳಿಯಾಡದಂತೆ ಬಾಯಿ ಬಿಗಿದಿದ್ದರು. ನನ್ನ ಸುತ್ತೋಲೆ ಇರುವ ಮನೆಯಲ್ಲಿ, ನನ್ನ ಮೂಗಿನ ಕೆಳಗೆ! ಗಂಡನೆಂದು ರಿಯಾಯಿತಿ ತೋರಿಸಿದರೆ ನಾಳೆ ಬೇರೆಯವರಿಗೆ ಹೇಗೆ ಹೇಳುವುದು? ಹಳೆಯ ವಾಯಿಲ್ ಸೀರೆಯಲ್ಲಿ ಚಂದದೊಂದು ಚೀಲ ಹೊಲಿದೆ. ಈ ಸಲ ಸರಿಯಾಗಿ ಸೋಸಿದ ಅಂಟುವಾಳದ ನೀರಿನಲ್ಲಿ ಒಗೆದು ಒಣಗಿಸಿದೆ. ಕಾಫಿಯನ್ನು ಅದಕ್ಕೆ ಸುರಿದು, ಪ್ಲಾಸ್ಟಿಕ್ ಚೀಲವನ್ನು ವಶಪಡಿಸಿಕೊಂಡೆ.

ಅತ್ತೆ ಬಾಗಿಲಲ್ಲಿದ್ದರು. "ಪೂರ್ಣೇಶಂಗೆ ಹೇಳಿದ್ಯಾ?"

"ಹೇಳೋದೆಂತ ಅತ್ತೆ? ಚೀಲ ಬದಲಾದ್ರೆ ಕಾಫಿ ಬದಲಾಗ್ತದಾ?"

ಅತ್ತೆ ಚೀಲ ನೋಡಿದರು, ಡ್ರಮ್ಮು ನೋಡಿದರು, ನನ್ನನ್ನು ನೋಡಿದರು. "ಹಂಗಾದ್ರೆ ಸರಿ," ಎಂದು ಹೋದರು.

ಕಾರ್ಯಕ್ರಮದ ಹಿಂದಿನ ದಿನ ಸಂಜೆ ನಾಲ್ಕು ಗಂಟೆ. ಪೂರ್ಣೇಶ ಮೆಣಸು ಕೊಡಲು ಬಣಕಲ್‌ಗೆ ಹೋಗಿದ್ದರು. ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಮೆಣಸು ಕೇರುತ್ತಿದ್ದರು. ನಾನು ಕಾಫಿ ಲೋಟವನ್ನು ಬಾಯಿಗಿಟ್ಟೆ.

ಢಮಾರ್!

ಹಮೀದ ತನ್ನ ಗ್ಯಾರೇಜಿನಲ್ಲಿದ್ದ ಟೈರುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದನಂತೆ. ಎಲ್ಲವೂ ಸರಿಯಿತ್ತು. ಸರಿಯಿಲ್ಲದ್ದು ನಮ್ಮ ಹಿಂದಿನ ಕೋಣೆ. ಡ್ರಮ್ಮಿನ ಮುಚ್ಚಳ ಮೇಲಿನ ಶೀಟಿಗೆ ಹೊಡೆದು ಮೂಲೆಯಲ್ಲಿ ಬಿದ್ದಿತ್ತು. ಗೋಡೆಯ ಮೇಲೆ ಕಿತ್ತಳೆ ಸಿಪ್ಪೆ, ಕಿಟಕಿಯ ಮೇಲೆ ಕಿತ್ತಳೆ ಸಿಪ್ಪೆ, ಬಲ್ಬಿಗೆ ನೇತುಬಿದ್ದ ಒಂದು ಕಿತ್ತಳೆ ಸಿಪ್ಪೆ. ಬೆಲ್ಲದ ಹುಳಿ ನಾತ ಮೂಗಿಗೆ ಗುದ್ದಿತು. ವಾಯಿಲ್ ಸೀರೆಯ ಚೀಲದಿಂದ ಕಂದು ನೀರು ತೊಟತೊಟ ಇಳಿಯುತ್ತಿತ್ತು.

ಆಗ ನನಗೆ ಆ ಸೂಚನೆ ನೆನಪಾಯಿತು. ಎಸ್ಟೇಟಿನ ಗೋಡೌನಿನ ಬಾಗಿಲ ಮೇಲಿನದು. ಮಳೆಗೆ ಮಾಸಿದಾಗೆಲ್ಲ ನಾನೇ ಮೂರು ಸಲ ಹೊಸದಾಗಿ ಬರೆದು ಅಂಟಿಸಿದ್ದು: 'ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಕಾಫಿ ಬೀಜವು ಸುತ್ತಲಿನ ಯಾವುದೇ ವಾಸನೆಯನ್ನು ಕೂಡಲೇ ಹೀರಿಕೊಳ್ಳುವುದರಿಂದ ಸೋಪು, ಹಣ್ಣು, ಹೊಗೆ, ಪೆಟ್ರೋಲು ಇತ್ಯಾದಿಗಳನ್ನು ಇದರ ಹತ್ತಿರ ಸುಳಿಯಗೊಡತಕ್ಕದ್ದಲ್ಲ.'

ಸೋಪು ಆಗಿತ್ತು. ಹಣ್ಣು ಆಗಿತ್ತು. ಇನ್ನೆರಡು ಬಾಕಿಯಿತ್ತು.

ಪೂರ್ಣೇಶ ಬರುವುದರೊಳಗೆ ಕಾಫಿಯನ್ನು ಒಣಗಿಸಬೇಕು, ಬೇರೇನೂ ತಲೆಗೆ ಹೊಳೆಯಲಿಲ್ಲ. ಬಿಸಿಲು ಆಗಲೇ ಗುಡ್ಡದಾಚೆ ಇಳಿದಿತ್ತು. ಬೀಜವನ್ನು ಜರಡಿಗೆ ಸುರಿದು ಬಚ್ಚಲ ಒಲೆಯ ಮೇಲೆ ಹಿಡಿದೆ. ಒಲೆಯಲ್ಲಿ ಏನಿತ್ತು? ಸುತ್ತೋಲೆಯ ಪ್ರಕಾರ ಹೊಟ್ಟು. ಹೊಟ್ಟು ತನ್ನ ಕರ್ತವ್ಯ ಮಾಡಿತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು; ಹೊಗೆಗೋ ಹೆದರಿಕೆಗೋ ಹೇಳಲಾರೆ.

ಅತ್ತೆ ಇಣುಕಿದರು. "ಎಂತ ಮಾಡ್ತಿದೀಯ?"

"ಏನಿಲ್ಲ ಅತ್ತೆ."

"ಹಂಗಾದ್ರೆ ಸರಿ."

ಜರಡಿ ಹಿಡಿದು ಹಿತ್ತಲಿನಿಂದ ಗ್ಯಾರೇಜಿಗೆ ಓಡಿದೆ. ಹಮೀದ ವಿಷಯ ಕೇಳಿ ತಲೆ ತುರಿಸಿಕೊಂಡ. "ಇಷ್ಟೇನಾ? ಕಂಪ್ರೆಸರ್ ಗಾಳಿ ಹೊಡೆದ್ರೆ ಐದು ನಿಮಿಷ ಸವಿತಕ್ಕ. ಎಂಜಿನ್ನೇ ಒಣಗ್ತದೆ, ಕಾಫಿ ಒಣಗಲ್ವಾ?"

ಒಣಗಿತು. ಅದಕ್ಕಿಂತ ಮುಂಚೆ ಹಾರಿತು! ಮೊದಲ ಗಾಳಿಗೇ ಅರ್ಧ ಜರಡಿ ಖಾಲಿ. ಬೀಜಗಳು ಸ್ಕೂಟರಿನ ಕೆಳಗೆ, ಟೂಲ್ಸ್ ಪೆಟ್ಟಿಗೆಯೊಳಗೆ, ಆಯಿಲ್ ಬದಲಾಯಿಸುವ ಟ್ರೇಯ ಸುತ್ತಮುತ್ತ ಹೋಗಿ ಕೂತವು. ನಾವಿಬ್ಬರೂ ಮೊಣಕಾಲೂರಿ ಹೆಕ್ಕಿದೆವು. ಆಯಿಲ್ ಹತ್ತಿದ್ದನ್ನು ಹಮೀದ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಕೊಟ್ಟ. ಪಾಪ, ಅವನ ಉದ್ದೇಶ ಒಳ್ಳೆಯದೇ.

ಮನೆಗೆ ಹಿಂದಿರುಗುವಾಗ ಅತ್ತೆ ಜಗಲಿಯಲ್ಲೇ ಇದ್ದರು. "ಎಂತ ಅದು?"

"ಏನಿಲ್ಲ ಅತ್ತೆ."

ಪೂರ್ಣೇಶ ಏಳು ಗಂಟೆಗೆ ಬಂದರು. ಕೋಣೆಯನ್ನು ನಾನು ತೊಳೆದಿದ್ದೆ, ಡ್ರಮ್ಮು ಹಿತ್ತಲಿಗೆ ಹೋಗಿತ್ತು, ಅವರ ಮೂಗು ಪುಣ್ಯಕ್ಕೆ ಇನ್ನೂ ಕಟ್ಟಿತ್ತು. ವಾಯಿಲ್ ಚೀಲ ನೋಡಿ, "ಇದೆಂತ, ಚೀಲ ಬದಲಾಯ್ಸಿದ್ಯಾ?" ಎಂದರು. ಬೈಯಲಿಲ್ಲ. "ಚಂದ ಉಂಟು. ಕಾರ್ಯಕ್ರಮಕ್ಕೆ ಅಂತ ಹೊಲಿದ್ಯಾ?" ಎಂದು ಖುಷಿಯಿಂದ ಕೇಳಿದರು. ಆಮೇಲೆ ಒಂದು ರಟ್ಟಿನ ಚೂರು ತೆಗೆದುಕೊಂಡು ದುಂಡಗೆ ಹೆಸರು ಬರೆದರು. ಮೊದಲು ಅವರದ್ದು. ಸ್ವಲ್ಪ ಯೋಚಿಸಿ ಅದರ ಕೆಳಗೆ, 'ತಂದೆ ಲಕ್ಷ್ಮಣಗೌಡರು ನೆಟ್ಟ ಗಿಡ' ಎಂದು ಸೇರಿಸಿದರು. ಆ ಕಾಫಿ ಬಣ್ಣದ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಕೊಂಡು, "ಕಾಫಿ ಕಾರ್ಯಕ್ರಮಕ್ಕೆ ಇದೇ ಸರಿ," ಎಂದು ನಕ್ಕರು.

ಅವತ್ತು ನಾನು ಊಟ ಮಾಡದೆ ಮಲಗಿದೆ.

ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಎಲ್ಲಿಗೂ ಬಾರದ ಅತ್ತೆ ಅವತ್ತು ತಾವೂ ಬರುವುದಾಗಿ ಹೇಳಿ ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಹಬ್ಬಕ್ಕೆ ಉಂಡೆ ತುಂಬಿಡುವ ಸ್ಟೀಲ್ ಡಬ್ಬ. ದಾರಿಗೆ ತಿಂಡಿ ಇರಬೇಕು ಎಂದುಕೊಂಡೆ. ನನ್ನ ತೊಡೆಯ ಮೇಲೆ ವಾಯಿಲ್ ಚೀಲ. ಅದರಿಂದ ಬರುತ್ತಿದ್ದ ವಾಸನೆಗೆ ನಾನು ಮುಖ ಕಿಟಕಿಯ ಹೊರಗೆ ಇಟ್ಟಿದ್ದೆ.

ಬಣಕಲ್ ದಾಟುವಷ್ಟರಲ್ಲಿ ನನ್ನಿಂದ ತಡೆಯಲಾಗಲಿಲ್ಲ. "ರೀ, ಜೀಪು ನಿಲ್ಸಿ," ಎಂದೆ.

ನಿಲ್ಲಿಸಿದರು. ಎಲ್ಲ ಹೇಳಿದೆ. ಡ್ರಮ್ಮು, ಚೀಲ, ಜರಡಿ, ಕಂಪ್ರೆಸರ್, ಒಂದನ್ನೂ ಬಿಡಲಿಲ್ಲ. ಪೂರ್ಣೇಶ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಪ್ಪನ ಹೆಸ್ರೂ ಬರ್ದಿದ್ನಲ್ಲೇ," ಎಂದರು ಕೊನೆಗೆ, ಮೆಲ್ಲಗೆ.

ನಾನು ಅತ್ತುಬಿಟ್ಟೆ. ರಸ್ತೆ ಬದಿಯಲ್ಲಿ, ಹೋಗಿಬರುವ ಬಸ್ಸಿನವರೆಲ್ಲ ನೋಡುವ ಹಾಗೆ, ಮೂಗು ಸೀಟಿಕೊಂಡು ಬಿಕ್ಕಿದೆ. ಮನೆಗೆ ಬಂದ ಸೊಸೆ ನಾನು, ಮಾವನ ಹೆಸರಿಗೆ ಕಿತ್ತಳೆ ಸಿಪ್ಪೆಯ ಅಭಿಷೇಕ ಮಾಡಿದ್ದೆ.

"ಅಳೋದು ಮುಗೀತಾ?" ಹಿಂದಿನಿಂದ ಅತ್ತೆಯ ಧ್ವನಿ. ಡಬ್ಬದ ಮುಚ್ಚಳ 'ಟಪ್' ಎಂದಿತು. "ಪೂರ್ಣೇಶ, ಇಲ್ನೋಡು."

ಡಬ್ಬದ ತುಂಬ ಕಾಫಿ ಬೀಜ. ಎಲ್ಲವೂ ಒಂದೇ ಗಾತ್ರ, ಹುರಿಯದ ಕಾಫಿಯ ತಿಳಿ ಹಸಿರು, ಒಂದೂ ಒಡೆದದ್ದಿಲ್ಲ. ಪೂರ್ಣೇಶ ಒಂದು ಹಿಡಿ ಎತ್ತಿ ನೋಡಿದರು. ತಮ್ಮದೇ ಎಂದು ಗುರುತು ಹಿಡಿಯಲು ಅವರಿಗೆ ಮೂಗು ಬೇಕಾಗಲಿಲ್ಲ.

"ಇವ್ಳು ಚೀಲ ಬದಲಾಯ್ಸಿದ ದಿನವೇ ತೆಗ್ದು ಇದ್ರಲ್ಲಿ ಹಾಕಿ ಮುಚ್ಚಿಟ್ಟೆ. ಬಟ್ಟೆ ಚೀಲಕ್ಕೆ ಮನೆಗೆ ಅಂತ ಹುರಿಯೋಕೆ ಇಟ್ಟಿದ್ದ ಬೀಜ ಹಾಕಿದ್ದೆ."

ನನ್ನ ಅಳು ಅರ್ಧದಲ್ಲೇ ನಿಂತಿತು. "ಅಂದ್ರೆ ನಿನ್ನೆ ನಾನು ಹೊಗೆ ಕುಡಿದು, ಗ್ಯಾರೇಜಲ್ಲಿ ತೆವಳಿ..."

"ನೋಡ್ತಿದ್ದೆ."

"ಹೇಳ್ಬಾರ್ದಿತ್ತಾ ಅತ್ತೆ!"

"ಎಂತ ಮಾಡ್ತಿದೀಯ ಅಂತ ನಾನೇ ಎರಡು ಸಲ ಕೇಳಿದ್ನಲ್ಲೇ. ಏನಿಲ್ಲ ಅಂದೆ. ಏನಿಲ್ಲ ಅಂದ್ಮೇಲೆ ಹೇಳೋದೆಂತ?"

ಪೂರ್ಣೇಶ ಸ್ಟೀರಿಂಗಿಗೆ ತಲೆಯಿಟ್ಟರು. ಅಳುತ್ತಿದ್ದಾರೆ ಎಂದುಕೊಂಡೆ. ಭುಜ ಕುಲುಕುತ್ತಿತ್ತು. ನೋಡಿದರೆ ನಗು! ಹಾರ್ನು ತಾನಾಗಿಯೇ ಬಡಿದುಕೊಂಡು ಎದುರಿನ ಅಂಗಡಿಯವನು ಹೊರಬಂದು ನೋಡಿದ. ರಟ್ಟಿನ ಚೂರನ್ನು ವಾಯಿಲ್ ಚೀಲದಿಂದ ಬಿಚ್ಚಿ ಡಬ್ಬಕ್ಕೆ ಕಟ್ಟಿದೆವು.

ಮೂಡಿಗೆರೆಯ ಸಭಾಂಗಣದಲ್ಲಿ ಹೆಸರು ಬರೆದುಕೊಳ್ಳುವವರ ಮುಂದೆ ಅತ್ತೆ ತಾವೇ ನಿಂತರು. "ನಮ್ಮನೇದು ಎರಡುಂಟು, ಬರ್ಕೊಳ್ಳಿ. ಡಬ್ಬದ್ದು ಮಗನ್ದು. ಚೀಲದ್ದು ಸೊಸೇದು."

"ಅತ್ತೆ, ಬೇಡ!" ಎಂದು ಸೆರಗು ಜಗ್ಗಿದೆ.

"ಅಷ್ಟು ಕಷ್ಟ ಪಟ್ಟಿದೀಯ. ಹಾಳಾಗ್ಬಾರ್ದು. ಏನನ್ನೂ ಎಸೆಯೋ ಹಾಗಿಲ್ಲ ಅಂತ ನೀನೇ ಬರ್ದಿದೀಯಲ್ಲ," ಎಂದರು ಅತ್ತೆ. ಚೀಲದ ಮೇಲೆ ನನ್ನ ಹೆಸರು ಬಿತ್ತು. ಇನಿಷಿಯಲ್ ಸಮೇತ!

ಬೀಜವನ್ನು ಅಲ್ಲೇ ಹುರಿದು, ಪುಡಿ ಮಾಡಿ, ಮಧ್ಯಾಹ್ನ ಬಟ್ಟಲುಗಳನ್ನು ಸಾಲಾಗಿ ಇಟ್ಟರು. ರುಚಿ ನೋಡುವ ಮೇಡಮ್ಮು ಚಮಚದಲ್ಲಿ ಸೊರ್ರೆಂದು ಹೀರುವುದು, ಕ್ಷಣ ಕಣ್ಣು ಮುಚ್ಚುವುದು, ಉಗುಳುವುದು. ಪೂರ್ಣೇಶರ ಬಟ್ಟಲಿನ ಮುಂದೆ ಬಂದು ಎರಡು ಸಲ ಹೀರಿದರು.

"ಕ್ಲೀನ್ ಕಪ್. ಒಂದು ದೋಷವೂ ಇಲ್ಲ, ಒಳ್ಳೆ ಸಿಹಿ ಇದೆ. ಯಾರ್ದಿದು?"

"ನಮ್ದು ಮೇಡಂ," ಎಂದರು ಪೂರ್ಣೇಶ. ಆ ಕಾಫಿ ಬಣ್ಣದ ಅಂಗಿಯನ್ನು ಸರಿಮಾಡಿಕೊಂಡು, "ಅಪ್ಪ ನೆಟ್ಟ ಗಿಡ," ಎಂದರು.

ಕೊನೆಗೆ ಬಹುಮಾನ ಬಂದದ್ದು ಮಲ್ಲಂದೂರಿನ ಒಬ್ಬರಿಗೆ. ನಮ್ಮವರಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅತ್ತೆ ರೇಷ್ಮೆ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬಹಳ ಹೊತ್ತು ಒರೆಸಿದರು.

ಪೂರ್ಣೇಶರ ಬಟ್ಟಲಿನ ಬೆನ್ನಿಗೇ ನನ್ನ ಬಟ್ಟಲಿನ ಸರದಿ ಬಂದಿತ್ತು. ಮೇಡಮ್ಮು ಹೀರಿದರು. ನಿಂತರು. ಉಗುಳಲು ಮರೆತರು. ನೆನಪಾಗಿ ಉಗುಳಿದರು. ನೀರು ಕುಡಿದು, ಇನ್ನೊಂದು ಚಮಚ ತೆಗೆದುಕೊಂಡರು. ಧೈರ್ಯವಂತೆ!

"ಮೊದ್ಲು ಕಿತ್ತಳೆ ಸಿಪ್ಪೆ," ಎಂದು ಬರೆದುಕೊಳ್ಳತೊಡಗಿದರು. "ಹುಳಿ ಬಂದ ಬೆಲ್ಲ. ಸೋಪು. ಆಮೇಲೆ ಹೊಗೆ... ಕೊನೇಲಿ ಇದು... ಪೆಟ್ರೋಲಾ?" ತಲೆಯೆತ್ತಿ ಸುತ್ತ ನೋಡಿದರು. "ಯಾರ್ದಿದು?"

ಸಭಾಂಗಣದಲ್ಲಿ ಅಷ್ಟೂ ಜನ ಇದ್ದರು. ಅತ್ತೆ ನನ್ನ ಬೆನ್ನಿಗೆ ಒಂದು ಬೆರಳಿಟ್ಟು ಮುಂದಕ್ಕೆ ತಳ್ಳಿದರು.

"ನೀವು ಕಾಫಿ ಕೆಲ್ಸದವ್ರಾ?" ಎಂದು ಮೇಡಮ್ಮು ಕೇಳಿದರು.

"ಎಸ್ಟೇಟಲ್ಲಿ ರೈಟರ್," ಎಂದೆ. ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

"ಇಷ್ಟೊಂದು ದೋಷ ಒಂದೇ ಬಟ್ಟಲಲ್ಲಿ ನಾನು ನೋಡೇ ಇಲ್ಲ," ಎಂದರು ಅವರು, ಬೇಸರದ ಬದಲು ಆಸೆಯಿಂದ. "ಉಳಿದ ಬೀಜ ನಮಗೆ ಕೊಡ್ತೀರಾ? ಹೊಸ್ದಾಗಿ ಕಲಿಯೋರಿಗೆ ಕಾಫಿ ಏನೇನು ವಾಸನೆ ಹಿಡೀತದೆ ಅಂತ ತೋರ್ಸೋಕೆ ಬೇಕು. ಹಿಂಗೆ ಎಲ್ಲಾ ಒಟ್ಟಿಗೆ ಸಿಗೋದೇ ಇಲ್ಲ!"

ಕೊಟ್ಟೆ. ಒಂದು ಬೀಜವೂ ವ್ಯರ್ಥವಾಗಲಿಲ್ಲ. ಸುತ್ತೋಲೆಯ ನಾಲ್ಕು ಅಂಶಗಳಲ್ಲಿ ಪೂರ್ತಿಯಾಗಿ ಜಾರಿಗೆ ಬಂದದ್ದು ಅದೊಂದೇ.

ಈಗ ನಮ್ಮ ಫ್ರಿಜ್ಜಿನ ಮೇಲೆ ನನ್ನ ಸುತ್ತೋಲೆಯಿಲ್ಲ. ಅಲ್ಲಿ ಮೇಡಮ್ಮು ಬರೆದುಕೊಟ್ಟ ಎರಡು ಹಾಳೆಗಳಿವೆ. ಒಂದರಲ್ಲಿ 'ಕ್ಲೀನ್ ಕಪ್' ಎಂದಿದೆ, ಇನ್ನೊಂದರಲ್ಲಿ ಐದು ಸಾಲಿನ ಪಟ್ಟಿ. ಬಂದವರೆಲ್ಲ ನನ್ನದನ್ನೇ ಮೊದಲು ಓದುತ್ತಾರೆ. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಕಿತ್ತಳೆ ನೀರನ್ನು ಅತ್ತೆ ಸೋಸಿ ಬಚ್ಚಲು ತೊಳೆದರು. ಲಕಲಕ ಹೊಳೆಯಿತು! "ಒಳ್ಳೇದುಂಟು ಮಾರಾಯ್ತಿ, ಇನ್ನೊಂದು ಸಲ ಮಾಡುವ," ಎಂದಿದ್ದಾರೆ. ಅಂಟುವಾಳವನ್ನೂ ಅವರೇ ನೆನೆಸುತ್ತಾರೆ, ಹೊಟ್ಟನ್ನು ಅವರೇ ಒಣಗಿಸಿ ಚೂರು ಚೂರಾಗಿ ಉದುರಿಸುತ್ತಾರೆ. ಪರಿಸರ ನಮ್ಮ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ. ನನ್ನನ್ನು ಮಾತ್ರ ಅದರ ಹತ್ತಿರ ಬಿಡುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲಿನ ಸೋಮವಾರ ಎಸ್ಟೇಟಿಗೆ ಹೋದವಳು ಗೋಡೌನಿನ ಬಾಗಿಲು ತೆಗೆಯುವ ಮುಂಚೆ ಅಲ್ಲೇ ನಿಂತು ನನ್ನ ಸೂಚನೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೂರು ಸಲ ಬರೆದಿದ್ದೆ, ಓದಿದ್ದು ಅದೇ ಮೊದಲು.

ಅಕ್ಷರ ಮಾತ್ರ ಚೆನ್ನಾಗಿದೆ.